ಅರ್ಥ ಬರೆಯುವುದು ಬೇಡ

ರಾಯದುರ್ಗ
7 ಜುಲೈ 2025

ಮಮತಾ,

ನಿನ್ನ ಅತ್ತೆಯ ಆಶೀರ್ವಾದ ನಿನಗಿದೆ, ಆದರೆ ಷರತ್ತಿನ ಮೇಲೆ. ಷರತ್ತನ್ನು ಕೆಳಗೆ ಬರೆದಿದ್ದೇನೆ. ಎರಡು ಸಲ ಓದು.

ನೀನು ಬಸ್ಸು ಹತ್ತಿದ ಮಾರನೆಯ ದಿನವೇ ಮರುಳಪ್ಪ ಬಂದು ನಮ್ಮ ಕಟ್ಟೆಯ ಮೇಲೆ ಕೂತ. ಮೈದುನನೆಂಬ ಸಲಿಗೆ ಅವನಿಗೆ ಮೊದಲಿಂದಲೂ ಸ್ವಲ್ಪ ಹೆಚ್ಚು. "ಏನ್ರಿ ಅತ್ತಿಗೆಮ್ಮ, ಸೊಸಿ ಮುನಿಸ್ಕೊಂಡು ತವರಿಗೆ ಹೋಗ್ಯಾಳಂತ?" ಎಂದ.

"ಮುನಿಸಲ್ಲ, ನೌಕರಿ. ಮಡಕಶಿರಾದಾಗ ಇಂಗ್ಲಿಷ್ ಸಾಲಿ ಟೀಚರ್ ಆಗ್ಯಾಳ" ಎಂದೆ.

"ಯಾರು, ಮಮತಾನಾ? ಆಕಿ ಕನ್ನಡದಾಗ ಮಾತಾಡಿದ್ದೇ ನಾ ಕೇಳಿಲ್ಲಲ್ರಿ!" ಎಂದು ತೊಡೆ ತಟ್ಟಿಕೊಂಡು ನಕ್ಕ. "ದಸರಾಕ್ಕ ವಾಪಸ್ ಬರ್ತಾಳ ತಗೋರಿ. ಕುರಿಹಟ್ಟಿ ಎಲ್ಲೂ ಓಡಿ ಹೋಗಂಗಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಅವನು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ನೀನು ಬಿ.ಎ. ಓದಿದವಳು, ಆದರೆ ಕನ್ನಡ ಮೀಡಿಯಂ. ಇಂಗ್ಲಿಷ್ ಓದುತ್ತೀಯ, ಬರೆಯುತ್ತೀಯ, ಬಾಯಿ ಮಾತ್ರ ತೆರೆಯುವುದಿಲ್ಲ. ದಸರಾ ರಜೆಗೆ ಮುಂಚೆ ಪೋಷಕರ ಸಭೆಯಲ್ಲಿ ಇಂಗ್ಲಿಷಿನಲ್ಲಿ ಮಾತಾಡಿ ತೋರಿಸಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆಗೆ ಎಂದು ಆ ಹೆಡ್ ಮೇಡಂ ಹೇಳಿದ್ದಾರಂತೆ. ಈ ಮನೆಯ ಹೆಂಗಸರಲ್ಲಿ ಇದುವರೆಗೆ ಒಬ್ಬರೂ ಸಂಬಳಕ್ಕಾಗಿ ಕುರ್ಚಿಯ ಮೇಲೆ ಕೂತಿಲ್ಲ. ನೀನು ಕೂರಬೇಕು. ಮರುಳಪ್ಪನ ಎದುರಿಗೆ ನಾನು ಮಾತು ಕೊಟ್ಟಾಗಿದೆ.

ಇನ್ನು ಷರತ್ತು. ದಿನಕ್ಕೆ ನಾಲ್ಕು ಹೊಸ ಇಂಗ್ಲಿಷ್ ಪದ ಕಲಿಯಬೇಕು. ಭಾನುವಾರ ಕೂತು, ವಾರದ ಪದಗಳನ್ನೆಲ್ಲ ವಾಕ್ಯದಲ್ಲಿ ಹಾಕಿ ನನಗೆ ಕಾಗದ ಬರೆಯಬೇಕು. ಫೋನಿನಲ್ಲಿ ಬೇಡ. ಫೋನಿನಲ್ಲಿ ನೀನು "ಹೂಂ ಅತ್ತೆ" ಎನ್ನುವುದನ್ನು ಬಿಟ್ಟು ಬೇರೇನೂ ಹೇಳುವುದಿಲ್ಲ. ನಾನು ಹೈಸ್ಕೂಲು ಮುಗಿಸಿದವಳು. ತಪ್ಪಿದ್ದರೆ ಕಂಡುಹಿಡಿಯುತ್ತೇನೆ.

ಮುತ್ತುರಾಜ್ ಶನಿವಾರ ಬಳ್ಳಾರಿ ಕೆಲಸದಿಂದ ಬಂದಿದ್ದ. ನನ್ನ ಪತ್ರದಲ್ಲಿ ಅವನದೂ ಎರಡು ಸಾಲು ಇರಲಿ ಎಂದ. "ಹೆಂಡ್ತಿಗೆ ಬ್ಯಾರೆ ಕಾಗದ ಬರಕೋ, ಇದು ಇಂಗ್ಲಿಷ್ ಕಾಗದ" ಎಂದು ಕಳಿಸಿದೆ.

ಉಜ್ಜಿನಮ್ಮ


ಗುಡಿಬಂಡೆ, ಮಡಕಶಿರಾ ಹತ್ತಿರ
20 ಜುಲೈ 2025

ಅತ್ತೆಯವರಿಗೆ ಮಮತಾಳ ನಮಸ್ಕಾರ.

ಪದಗಳನ್ನೂ ವಾಕ್ಯಗಳನ್ನೂ ಬೇರೆ ಹಾಳೆಯಲ್ಲಿ ಬರೆದು ಜೊತೆಗಿಟ್ಟಿದ್ದೇನೆ. ಡಿಸಿಪ್ಲಿನ್, ಶೇಮ್‌ಲೆಸ್, ಪಂಕ್ಚುಯಲ್, ಹೀಗೆ ಎಲ್ಲವೂ ಇವೆ. ಎದುರಿಗೆ ಕನ್ನಡದ ಅರ್ಥವಿದೆ.

ಬೆಳಿಗ್ಗೆ ನಾನು ಜಯಣ್ಣನ ಆಟೋದಲ್ಲಿ ಮಡಕಶಿರಾಕ್ಕೆ ಹೋಗುತ್ತೇನೆ. ದಾರಿಯುದ್ದಕ್ಕೂ ಪದಗಳನ್ನು ಪಿಸುಗುಟ್ಟಿಕೊಳ್ಳುತ್ತಿದ್ದೆ. ಮೊದಲ ವಾರ ಅವನು ಮಂತ್ರ ಅಂದುಕೊಂಡಿದ್ದನಂತೆ. ಈಗ ಗೇರು ಹಾಕುವ ಮೊದಲೇ ಕೇಳುತ್ತಾನೆ:

"ಅಕ್ಕಯ್ಯ, ಇವತ್ತಿನ್ ಮಾತೇನು?"

"ಡಿಸಿಪ್ಲಿನ್."

"ಅಂಗಂದ್ರೆ?"

"ಶಿಸ್ತು."

"ನನ್ನ ಆಟೋದಾಗೆ ಅದೊಂದಿಲ್ಲ, ಮಿಕ್ಕಿದ್ದೆಲ್ಲ ಐತೆ. ಜರುಗ್ರಮ್ಮ, ಇನ್ನಿಬ್ರು ಹತ್ತಾವ್ರೆ!"

ಈಗ ಹೂವು ಮಾರುವ ಹೆಂಗಸರೂ ಸೇರಿ ಇಡೀ ಆಟೋ ಕೂಗುತ್ತದೆ. ನಿನ್ನೆ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ ಒಬ್ಬಳು ಮುದುಕಿ ಜಯಣ್ಣನಿಗೆ "ಪಂಕ್ಚುಯಲ್ ಆಗಿ ಬಾರ್ಲಾ ಸಾಯಂಕಾಲ" ಎಂದಳು. ನನಗೆ ಕುಣಿಯುವಷ್ಟು ಖುಷಿಯಾಯಿತು.

ಸ್ಕೂಲು ಚೆನ್ನಾಗಿದೆ. ಹೆಡ್ ಮೇಡಂ ಕೇರಳದವರು. ಅವರಿಗೆ ಕನ್ನಡ ಬಾರದು, ತೆಲುಗು ಅಷ್ಟಕ್ಕಷ್ಟೆ. ಎಲ್ಲವೂ ಇಂಗ್ಲಿಷೇ. ನನ್ನ ತರಗತಿಯ ಬಗ್ಗೆ ಒಂದು ವಾಕ್ಯ: ಮೈ ಕಿಡ್ಸ್ ಆರ್ ವೆರಿ ನಾಟಿ.

ಮಮತಾ


ರಾಯದುರ್ಗ
28 ಜುಲೈ 2025

ಮಮತಾ,

ಹಾಳೆಯಲ್ಲಿ ಬರೆದದ್ದೆಲ್ಲ ಸರಿಯಾಗಿದೆ. ಪತ್ರದ ಕೊನೆಯ ವಾಕ್ಯ ನೋಡಿ ಮಾತ್ರ ಆಶ್ಚರ್ಯವಾಯಿತು. ಇಂಗ್ಲಿಷ್ ಸ್ಕೂಲಿನಲ್ಲಿ ಆಡು ಸಾಕಿದ್ದಾರೆಯೇ? ಕಿಡ್ ಎಂದರೆ ಆಡಿನ ಮರಿ. ನಮ್ಮ ಪಶು ಆಸ್ಪತ್ರೆಯ ಗೋಡೆಯ ಮೇಲೇ ಬರೆದಿದೆ, ಕುರಿಮರಿಗೆ ಲ್ಯಾಂಬ್, ಆಡಿನ ಮರಿಗೆ ಕಿಡ್. ಅವು ನಾಟಿ ತಳಿ ಎಂದು ಬರೆದಿದ್ದೀಯ. ನಾಟಿಯಾದರೆ ಒಳ್ಳೆಯದೇ, ರೋಗ ತಡೆಯುತ್ತವೆ. ಆದರೆ ಟೀಚರ್ ಕೆಲಸಕ್ಕೆಂದು ಕರೆದು ಆಡು ಮೇಯಿಸಲು ಹಚ್ಚಿದ್ದಾರೆಂದರೆ ಆ ಮೇಡಂ ಜೊತೆ ನಾನೇ ಮಾತಾಡಬೇಕಾಗುತ್ತದೆ. ಆಡು ಮೇಯಿಸಲು ಇಲ್ಲೇನು ಜಾಗವಿರಲಿಲ್ಲವೇ?

ಇನ್ನೊಂದು ಸಂಗತಿ. ಶನಿವಾರ ಕುರಿ ಸಂತೆಗೆ ಹೋಗಿದ್ದೆ. ಟಗರು ಕೊಳ್ಳಲು ಬಂದ ದಲ್ಲಾಳಿ ಸಂತೆಯ ಪದ್ಧತಿಯಂತೆ ಟವೆಲಿನ ಕೆಳಗೆ ನನ್ನ ಬೆರಳು ಹಿಡಿದು ಕೀಳು ರೇಟು ಒತ್ತಿದ. ನಾನು ಕೈ ಕೊಸರಿಕೊಂಡು "ಶೇಮ್‌ಲೆಸ್ ಫೆಲೋ!" ಎಂದೆ. ಸಂತೆಗೆ ಸಂತೆಯೇ ತಿರುಗಿ ನೋಡಿತು. ದಲ್ಲಾಳಿ ಎರಡು ಹೆಜ್ಜೆ ಹಿಂದೆ ಸರಿದು, "ಅಮ್ಮಾರು ಏನೋ ಅಂದ್ರಪ್ಪ, ಕೇಸು ಗೀಸು ಹಾಕ್ತಾರೇನು?" ಎಂದು ಪಕ್ಕದವನನ್ನು ಕೇಳಿದ. ಆಮೇಲೆ ಸರಿಯಾದ ರೇಟಿಗೆ ಬಂದ.

ನಾನು ಕಲಿಯುತ್ತಿದ್ದೇನೆ ಎಂದು ತಿಳಿಯಬೇಡ. ನೀನು ಕಳಿಸಿದ್ದು ಕೆಲಸ ಮಾಡುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡಿದೆ, ಅಷ್ಟೆ. ಮುಂದಿನ ಸಲ ಇಂಥವೇ ಸ್ವಲ್ಪ ಗಟ್ಟಿ ಪದಗಳನ್ನು ಕಳಿಸು.

ಉಜ್ಜಿನಮ್ಮ


ಗುಡಿಬಂಡೆ
10 ಆಗಸ್ಟ್ 2025

ಅತ್ತೆಯವರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಓದಿ ಹೇಳಿದಾಗ ಅಮ್ಮ ಒರಳಿನ ಮುಂದೆ ಕೂತಲ್ಲೇ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಸ್ಕೂಲಿನಲ್ಲಿ ಆಡುಗಳಿಲ್ಲ ಅತ್ತೆ. ಇಂಗ್ಲಿಷಿನವರು ಚಿಕ್ಕ ಮಕ್ಕಳನ್ನೂ ಪ್ರೀತಿಯಿಂದ ಕಿಡ್ ಎನ್ನುತ್ತಾರೆ. ನಾಟಿ ಎಂದರೆ ತುಂಟ. ನನ್ನ ತರಗತಿಯ ಮಕ್ಕಳು ಬಹಳ ತುಂಟರು ಎಂದು ಬರೆದಿದ್ದೆ. ತಳಿಯ ವಿಷಯ ನನಗೆ ಗೊತ್ತಿಲ್ಲ.

ಈ ವಾರದ ಪದಗಳು ಹಾಳೆಯಲ್ಲಿವೆ. ನೀವು ಕೇಳಿದಂತೆ ಗಟ್ಟಿಯವೇ ಆರಿಸಿದ್ದೇನೆ. ಮಕ್ಕಳ ಜೊತೆ ನಾನು ಹಾಡುತ್ತೇನೆ, ಕುಣಿಯುತ್ತೇನೆ, ಕಥೆ ಹೇಳುತ್ತೇನೆ. ಬಾಗಿಲ ಹತ್ತಿರ ಮೇಡಂ ಚಪ್ಪಲಿಯ ಸದ್ದು ಕೇಳಿದರೆ ಮಾತ್ರ ಏನೋ ಆಗುತ್ತದೆ. ಐ ಬಿಕಮ್ ನರ್ವಸ್.

ಅದು ದೊಡ್ಡ ವಿಷಯವೇನಲ್ಲ.

ಮಮತಾ


ರಾಯದುರ್ಗ
18 ಆಗಸ್ಟ್ 2025

ಮಮತಾ,

ನರದ ತೊಂದರೆಯನ್ನು ದೊಡ್ಡ ವಿಷಯವಲ್ಲ ಎನ್ನುತ್ತೀಯಾ? ನಿಂತು ಪಾಠ ಮಾಡುವವರಿಗೆ ಅದು ಬರುತ್ತದೆ. ಮುತ್ತುರಾಜ್ ಈ ಭಾನುವಾರ ನಿನ್ನನ್ನು ನೋಡಲು ಬರುತ್ತಾನೆ. ಅವನ ಕೈಯಲ್ಲಿ ಎಳ್ಳೆಣ್ಣೆ ಕಳಿಸುತ್ತಿದ್ದೇನೆ. ಬಿಸಿ ಮಾಡಿ ಮೊಣಕಾಲಿನಿಂದ ಕೆಳಕ್ಕೆ ಉಜ್ಜು. ಕಾಲು ಗಟ್ಟಿಯಾಗಿದ್ದರೆ ಯಾವ ಮೇಡಂ ಬಂದರೂ ಏನೂ ಆಗುವುದಿಲ್ಲ.

ಕಿಡ್ ವಿಷಯ ತಿಳಿಯಿತು. ಮಕ್ಕಳನ್ನು ಆಡಿನ ಮರಿ ಎಂದು ಕರೆಯುವ ಜನರ ಭಾಷೆ ನಾವು ಕಲಿಯುತ್ತಿದ್ದೇವೆ, ಇರಲಿ. ಆದರೆ ನೀನೂ ನಿನ್ನ ಅಮ್ಮನೂ ಸೇರಿ ನಕ್ಕದ್ದು ನನಗೆ ಹಿಡಿಸಲಿಲ್ಲ. ಇನ್ನು ಮುಂದೆ ಪದಗಳ ಎದುರಿಗೆ ಅರ್ಥ ಬರೆಯುವುದು ಬೇಡ. ನನಗೆ ಗೊತ್ತಾಗುತ್ತದೆ. ಗೊತ್ತಾಗದಿದ್ದರೆ ಬ್ಯಾಂಕಿನ ಮೇಲೆ, ಪಶು ಆಸ್ಪತ್ರೆಯ ಮೇಲೆ, ಬಸ್ಸಿನ ಮೇಲೆ ಎಲ್ಲ ಕಡೆ ಇಂಗ್ಲಿಷ್ ಬರೆದಿದ್ದಾರೆ, ನೋಡಿಕೊಳ್ಳುತ್ತೇನೆ.

ಬ್ಯಾಂಕು ಎಂದ ಕೂಡಲೇ ನೆನಪಾಯಿತು. ಮೊನ್ನೆ ಅಲ್ಲಿ ಸಾಲಿನಲ್ಲಿ ಒಬ್ಬ ನನ್ನ ಮುಂದೆ ನುಗ್ಗಿದ. "ಮಿಸ್ಟರ್, ಡಿಸಿಪ್ಲಿನ್!" ಎಂದೆ. ಕೌಂಟರಿನ ಹುಡುಗಿ ಎದ್ದು ನಿಂತು, "ಮೇಡಂ, ರಂಡಿ" ಎಂದು ಮೊದಲು ನನ್ನನ್ನೇ ಕರೆದಳು. ತೆಲುಗಿನಲ್ಲಿ ಬನ್ನಿ ಎಂದು ಮರ್ಯಾದೆಯಿಂದ ಕರೆಯುವುದು ಹಾಗೆಯೇ ಅಲ್ಲವೇ, ಅದರಲ್ಲೂ ಮೇಡಂ ಸೇರಿಸಿ! ಮನೆಗೆ ಬರುವಾಗ ನನ್ನ ನಡಿಗೆಯೇ ಬೇರೆಯಾಗಿತ್ತು ಎಂದು ಮರುಳಪ್ಪನ ಹೆಂಡತಿ ಬೀದಿಯಲ್ಲೆಲ್ಲ ಹೇಳಿದ್ದಾಳೆ.

ಮರುಳಪ್ಪ ಮಾತ್ರ ದಸರಾ ಯಾವಾಗ ಎಂದು ದಿನಾ ಕ್ಯಾಲೆಂಡರ್ ನೋಡುತ್ತಾನೆ. "ಹಟ್ಟಿ ಬಳಿಸಿ ಇಟ್ಟೀನ್ರಿ, ಟೀಚರಮ್ಮ ಬರ್ತಾರಂತ" ಎನ್ನುತ್ತಾನೆ. ನಿನ್ನ ಕೆಲಸ ಕಾಯಂ ಆದ ಆರ್ಡರನ್ನು ಅವನ ಮೂಗಿನ ಮುಂದೆ ಹಿಡಿಯುವ ದಿನಕ್ಕೆ ನಾನು ಕಾಯುತ್ತಿದ್ದೇನೆ.

ಉಜ್ಜಿನಮ್ಮ


ಗುಡಿಬಂಡೆ
7 ಸೆಪ್ಟೆಂಬರ್ 2025

ಅತ್ತೆಯವರಿಗೆ ನಮಸ್ಕಾರ.

ಅವಸರದಲ್ಲಿ ಬರೆಯುತ್ತಿದ್ದೇನೆ. ಪೇಟೆಗೆ ಹೋಗುವ ಜಯಣ್ಣ ಈ ಪತ್ರವನ್ನು ಡಬ್ಬಿಗೆ ಹಾಕುತ್ತೇನೆಂದು ಹೊರಗೆ ಹಾರ್ನ್ ಒತ್ತುತ್ತಿದ್ದಾನೆ.

ಶುಕ್ರವಾರ ಹೆಡ್ ಮೇಡಂ ನನ್ನನ್ನು ರೂಮಿಗೆ ಕರೆದರು. ಪೋಷಕರ ಸಭೆಯ ವಿಷಯ ಮಾತಾಡಿದರು. ನಾನು ಹೆದರಿ ತಲೆ ಆಡಿಸುತ್ತಾ ನಿಂತಿದ್ದೆ. ಕೊನೆಗೆ ಮಾತು ಮುಗಿಯಿತು. ಐ ಆ್ಯಮ್ ರಿಲೀವ್ಡ್. ನೀವು ಹೇಳಿದಂತೆ ಅರ್ಥ ಬರೆದಿಲ್ಲ.

ಉಳಿದದ್ದು ಮುಂದಿನ ಪತ್ರದಲ್ಲಿ.

ಮಮತಾ


ರಾಯದುರ್ಗ
11 ಸೆಪ್ಟೆಂಬರ್ 2025

ಮಮತಾ,

ರಿಲೀವ್ ಎಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತಹಸೀಲ್ದಾರರು ರಿಲೀವ್ ಆದಾಗ ಹಾರ ಹಾಕಿ ಕಳಿಸಿದ್ದನ್ನು ನೋಡಿದ್ದೇನೆ. ಪಶು ಆಸ್ಪತ್ರೆಯ ಕಾಂಪೌಂಡರ್ ರಿಲೀವ್ ಆದಾಗ ಹಾರವೂ ಇರಲಿಲ್ಲ. ಕುರ್ಚಿ ಬಿಡಿಸಿ ಕಳಿಸುವುದಕ್ಕೆ ರಿಲೀವ್ ಎನ್ನುತ್ತಾರೆ.

ಸಭೆ ಆಗುವ ಮೊದಲೇ, ಮಾತಾಡಲು ಒಂದು ಅವಕಾಶವನ್ನೂ ಕೊಡದೆ ಕಳಿಸುವುದೆಂದರೇನು? ನೀನಾದರೂ ಎಷ್ಟು ತಣ್ಣಗೆ ಬರೆದಿದ್ದೀಯ! ಫೋನ್ ಮಾಡಿದರೆ ಸ್ವಿಚ್ ಆಫ್. ಮುಸುಕು ಹೊದ್ದು ಮಲಗಿರುತ್ತೀಯ, ನನಗೆ ಗೊತ್ತು.

ಬೆಳಗಿನ ಮೊದಲ ಬಸ್ಸಿಗೆ ಹೊರಟಿದ್ದೇನೆ. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ ನೆಟ್ಟಗೆ ನಿನ್ನ ಸ್ಕೂಲಿಗೇ ಬರುತ್ತೇನೆ. ಈ ಪತ್ರ ನಿನಗೆ ಸೇರುವುದಕ್ಕಿಂತ ಮೊದಲೇ ನಾನು ಅಲ್ಲಿರುತ್ತೇನೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಸಿಟ್ಟಿಗೆ ಕೈ ಸುಮ್ಮನೆ ಕೂರುತ್ತಿಲ್ಲ.

ಉಜ್ಜಿನಮ್ಮ


ಗುಡಿಬಂಡೆ
14 ಸೆಪ್ಟೆಂಬರ್ 2025

ಅತ್ತೆ,

ನಿಮ್ಮ ಕಾಗದ ನೀವು ಬಂದುಹೋದ ಮಾರನೆಯ ದಿನ ಬಂತು. ಈಗ ನಾನು ಬರೆಯುವುದನ್ನು ನೀವು ಎರಡು ಸಲ ಓದಿ.

ರಿಲೀವ್ಡ್ ಎಂದರೆ ಮನಸ್ಸು ಹಗುರವಾಯಿತು ಎಂದು. ಸಭೆಯನ್ನು ಮೇಡಂ ಒಂದು ವಾರ ಮುಂದಕ್ಕೆ ಹಾಕಿದ್ದರು. ತಯಾರಿಗೆ ಇನ್ನೊಂದು ವಾರ ಸಿಕ್ಕಿತಲ್ಲ, ಅದಕ್ಕೇ ಹಾಗೆ ಬರೆದೆ. ಸ್ಕೂಲಿನಲ್ಲಿ ಫೋನ್ ಆಫ್ ಮಾಡಿಡುವುದು ನಿಯಮ, ಅಷ್ಟೆ. ನನ್ನನ್ನು ಯಾರೂ ಬಿಡಿಸಿರಲಿಲ್ಲ. ಬಿಡಿಸುವ ಹಾಗೆ ಮಾಡಿದ್ದು ನೀವು.

ಶುಕ್ರವಾರ ನೀವು ಮೇಡಂ ರೂಮಿನ ಬಾಗಿಲು ತಳ್ಳಿ, "ಯು! ವೈ ರಿಲೀವ್ ಮೈ ಡಾಟರ್ ಇನ್ ಲಾ?" ಎಂದು ಕೇಳಿದಿರಿ. ನಿಮ್ಮ ದನಿ ಕೇಳಿ ನಾನು ತರಗತಿ ಬಿಟ್ಟು ಓಡಿ ಬಂದೆ. ಏನೂ ಅರ್ಥವಾಗದ ಮೇಡಂ ನನ್ನ ಕಡೆ ನೋಡಿದರು. ನೀವು ನಿಲ್ಲಿಸಲಿಲ್ಲ. "ಕೇಳು ಆಕಿನ್ನ! ದಸರಾ ತನಕ ಅಂತ ಹೇಳಿ ನಡುವ ಬಿಡಸ್ತಾರೇನು? ಯಾವ ನಾಚಿಗಿಗೆಟ್ಟ ಸಾಲಿ ಇದು?"

ಹೆದರಿಕೆಯಲ್ಲಿ ನನಗೆ ತೋಚಿದ್ದು ಒಂದೇ. "ಮೇಡಂ, ಮೈ ಮದರ್ ಇನ್ ಲಾ ಈಸ್ ವೆರಿ ಹ್ಯಾಪಿ ಟು ಸೀ ಅವರ್ ಸ್ಕೂಲ್" ಎಂದೆ.

ನೀವು ಕೈಯಲ್ಲಿದ್ದ ಕೊಡೆಯಿಂದ ನೆಲ ಕುಟ್ಟಿದಿರಿ. "ಹ್ಯಾಪಿ? ಹ್ಯಾಪಿ ಅಂತ ನಾ ಯಾವಾಗ ಅಂದೆ? ಶೇಮ್‌ಲೆಸ್ ಅಂದೆ! ಹ್ಯಾಪಿಗೂ ಶೇಮ್‌ಲೆಸ್ಸಿಗೂ ವ್ಯತ್ಯಾಸ ನನಗ ಗೊತ್ತಿಲ್ಲೇನು?"

ಶೇಮ್‌ಲೆಸ್ ಎಂಬುದು ಮೇಡಂಗೆ ಸ್ಪಷ್ಟವಾಗಿ ಕೇಳಿಸಿತು. ಅವರ ಹುಬ್ಬು ಮೇಲಕ್ಕೆ ಹೋಯಿತು. ಕೆಲಸ ಹೋಯಿತು ಎಂದುಕೊಂಡೆ. ಹೋಗುವುದಾದರೆ ಹೋಗಲಿ ಎಂಬ ಧೈರ್ಯ ಎಲ್ಲಿಂದ ಬಂತೋ, ಅಲ್ಲಿಂದ ಮುಂದೆ ನಾನೇನು ಮಾತಾಡಿದೆ ಎಂದು ನನಗೇ ಸರಿಯಾಗಿ ನೆನಪಿಲ್ಲ. ನಮ್ಮ ಕಡೆ ರಿಲೀವ್ ಎಂದರೆ ಏನೆಂದು ತಿಳಿಯುತ್ತಾರೆ, ನೀವು ಎಷ್ಟು ದೂರದಿಂದ ಬಂದಿದ್ದೀರಿ, ಪದಗಳನ್ನು ವಾರ ವಾರವೂ ನನ್ನಿಂದ ಹೇಗೆ ಬರೆಸುತ್ತೀರಿ, ಎಲ್ಲವನ್ನೂ ಇಂಗ್ಲಿಷಿನಲ್ಲೇ ಹೇಳಿದೆ. "ಶಿ ಈಸ್ ನಾಟ್ ಆ್ಯಂಗ್ರಿ ವಿತ್ ಯು, ಶಿ ಈಸ್ ಆ್ಯಂಗ್ರಿ ಫಾರ್ ಮಿ" ಎಂದೆ. ನೀವು ನಡುವೆ ಬಾಯಿ ಹಾಕಿದಾಗ ನಿಮ್ಮ ಕಡೆ ತಿರುಗಿ ಒಂದು ಮಾತು ಅಂದೆ. ನೀವು ಕೊಡೆ ಎತ್ತಿಕೊಂಡು, ಒಂದು ಲೋಟ ನೀರೂ ಕುಡಿಯದೆ ಹೊರಟುಹೋದಿರಿ. ನಾನು ಗೇಟಿನ ತನಕ ಓಡಿ ಬಂದೆ. ನೀವು ತಿರುಗಿ ನೋಡಲಿಲ್ಲ.

ಆಮೇಲೆ ಆದದ್ದು ನಿಮಗೆ ಗೊತ್ತಿಲ್ಲ. ಮೇಡಂ ಕೂರಲು ಹೇಳಿದರು. ಬಹಳ ಹೊತ್ತು ನಕ್ಕರು. ಇಷ್ಟು ದಿನ ನೀನು ನನ್ನ ಎದುರು ತಲೆ ಆಡಿಸಿದ್ದು ಬಿಟ್ಟರೆ ಬೇರೇನೂ ಮಾಡಿಲ್ಲ, ನಿನ್ನನ್ನು ಬೇಡ ಎನ್ನಲು ನಾನು ತೀರ್ಮಾನಿಸಿದ್ದೆ ಎಂದರು. ಅದು ನಿಜ ಅತ್ತೆ. ನನ್ನ ಕಾಲಿನ ನರ ಚೆನ್ನಾಗಿಯೇ ಇದೆ. ನರ್ವಸ್ ಎಂದರೆ ಅಳುಕು. ಮೇಡಂ ಎದುರು ನನ್ನ ಬಾಯಿ ಕಟ್ಟಿಹೋಗುತ್ತಿತ್ತು. ಅದನ್ನು ನಿಮಗೆ ಬರೆಯಲು ನಾಚಿಕೆಯಾಗಿತ್ತು.

ಮುಂದಿನ ಶನಿವಾರದ ಸಭೆಯಲ್ಲಿ ಪೋಷಕರ ಎದುರು ಇವತ್ತಿನ ಹಾಗೆ ಮಾತಾಡು, ನೋಡೋಣ ಎಂದಿದ್ದಾರೆ.

ಮಮತಾ


ರಾಯದುರ್ಗ
17 ಸೆಪ್ಟೆಂಬರ್ 2025

ಮಮತಾ,

ಒಂದೇ ಪದಕ್ಕೆ ಕುರ್ಚಿ ಬಿಡಿಸುವುದು ಎಂದೂ ಮನಸ್ಸು ಹಗುರವಾಗುವುದು ಎಂದೂ ಎರಡು ಅರ್ಥ ಇಟ್ಟಿದ್ದರೆ ಅದು ಇಂಗ್ಲಿಷಿನ ತಪ್ಪು. ನನ್ನದಲ್ಲ.

ನೀರು ಕುಡಿಯದೆ ಬಂದದ್ದಕ್ಕೆ ಕಾರಣ ಬೇರೆ. ನೀನು ಅಂದ ಆ ಒಂದು ಮಾತು. "ಯು ಆರ್ ಸೋ ಸ್ಟಬರ್ನ್" ಎಂದೆ. ಬಾರ್ನ್ ಎಂದರೆ ಹುಟ್ಟಿದ್ದು, ಅದು ನನಗೆ ಗೊತ್ತು. ಸ್ಟಬ್ ಎಂದರೇನು? ಕಲ್ಯಾಣದುರ್ಗದವರೆಗೂ ಅದೇ ಯೋಚನೆ. ನನ್ನ ಹುಟ್ಟನ್ನು ತೆಗೆದು ಮಾತಾಡುವಷ್ಟು ಬೆಳೆದೆಯಾ? ನನ್ನ ಅಪ್ಪ ಬೊಮ್ಮಣ್ಣ ಹತ್ತು ಊರಿಗೆ ನ್ಯಾಯ ಹೇಳಿದವನು. ನಾನು ಯಾವ ಸ್ಟಬ್‌ನಲ್ಲೂ ಹುಟ್ಟಿದವಳಲ್ಲ.

ಬ್ಯಾಂಕಿನಲ್ಲಿ ಕೇಳಬಹುದಿತ್ತು. ಸೊಸೆ ನನಗೆ ಹೀಗೆಂದಳು, ಅರ್ಥವೇನು ಎಂದು ಊರವರನ್ನು ಕೇಳಲು ಮನಸ್ಸಾಗಲಿಲ್ಲ. ನೀನೇ ಬರೆ. ಈ ಒಂದು ಪದಕ್ಕೆ ಮಾತ್ರ ಅರ್ಥ ಬರೆ. ಮುಚ್ಚಿಡದೆ ಬರೆ.

ಮರುಳಪ್ಪ ಏನಾಯಿತು ಎಂದು ಕೇಳಿದ. "ಆಕಿ ಮಾತಾಡಿದ್ಳು" ಎಂದೆ. "ಇಂಗ್ಲಿಷಿನಾಗಾ?" ಎಂದ. "ಮಳಿ ಬಿದ್ದಂಗ ಮಾತಾಡಿದ್ಳು, ಆ ಮೇಡಂ ಕಣ್ಣು ಪಿಳಿಪಿಳಿ ಮಾಡಕೋತ ಕುಂತಿದ್ಳು" ಎಂದೆ. ನಾನು ಸುಳ್ಳು ಹೇಳುವವಳಲ್ಲ. ಅಷ್ಟು ಸಿಟ್ಟಿನಲ್ಲಿದ್ದರೂ ಗೇಟು ದಾಟುವಾಗ ನನ್ನ ಮೈ ಜುಮ್ಮೆಂದಿತ್ತು.

ಶನಿವಾರ ಏನಾಯಿತೆಂದು ತಕ್ಷಣ ಬರೆ.

ಉಜ್ಜಿನಮ್ಮ


ಗುಡಿಬಂಡೆ
21 ಸೆಪ್ಟೆಂಬರ್ 2025

ಅತ್ತೆ,

ಆಯಿತು! ನಾನು ಕಾಯಂ ಆದೆ! ಆರ್ಡರನ್ನು ಮುತ್ತುರಾಜ್ ಅವರ ಕೈಯಲ್ಲಿ ಕಳಿಸುತ್ತಿದ್ದೇನೆ, ಹಟ್ಟಿಯ ಮುಂದೆ ನಿಂತು ಮರುಳಪ್ಪ ಮಾವನವರಿಗೆ ಓದಿ ಹೇಳಿ.

ಸಭೆಯಲ್ಲಿ ಮುಂದಿನ ಸಾಲಿನಲ್ಲೇ ಒಬ್ಬರು ಡಾಕ್ಟರ್ ಕೂತಿದ್ದರು. ತಮ್ಮ ಮಗನಿಗೆ ಇನ್ನೂ ಸೊನ್ನೆ ಬರೆಯಲು ಬಾರದು ಎಂದು ಇಂಗ್ಲಿಷಿನಲ್ಲಿ ದಬಾಯಿಸಿದರು. ಮೊದಲಿನ ನಾನಾಗಿದ್ದರೆ ಅಲ್ಲೇ ಕುಸಿಯುತ್ತಿದ್ದೆ. ಆದರೆ ನಿಮ್ಮ ದನಿಯ ಮುಂದೆ ಅವರ ದನಿ ಏನೇನೂ ಅಲ್ಲ ಎನ್ನಿಸಿತು. ಅವನು ಸೊನ್ನೆಯನ್ನು ಎಡಗೈಯಲ್ಲಿ ಚೆನ್ನಾಗಿ ಬರೆಯುತ್ತಾನೆ, ನೀವು ಮನೆಯಲ್ಲಿ ಬಲಗೈಗೆ ಬಲವಂತ ಮಾಡುವುದನ್ನು ನಿಲ್ಲಿಸಿ ಎಂದು ಇಂಗ್ಲಿಷಿನಲ್ಲೇ ಹೇಳಿದೆ. ಅವರ ಹೆಂಡತಿ ಚಪ್ಪಾಳೆ ತಟ್ಟಿದಳು. ಸಂಜೆ ಆಟೋದಲ್ಲಿ ಜಯಣ್ಣ ಎಲ್ಲರಿಗೂ ಬೋಂಡಾ ಹಂಚಿದ.

ಈಗ ನೀವು ಕೇಳಿದ ಪದ. ಸ್ಟಬರ್ನ್ ಎಂದರೆ ಹಟಮಾರಿ. ಹುಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ಕ್ಷಮಿಸಿ ಎಂದು ಬರೆಯಲು ಕೂತಿದ್ದೆ. ಆದರೆ ನೀವು ಮುಚ್ಚಿಡಬೇಡ ಎಂದಿದ್ದೀರಿ. ನಾನು ಅಂದದ್ದು ಬೇಕೆಂದೇ ಅಂದದ್ದು ಅತ್ತೆ, ಈಗಲೂ ಹಾಗೇ ಅನ್ನಿಸುತ್ತದೆ. ಅದಕ್ಕೆ ಕ್ಷಮಿಸಿ ಎಂದು ಬರೆಯುತ್ತಿಲ್ಲ.

ಮಮತಾ


ರಾಯದುರ್ಗ
25 ಸೆಪ್ಟೆಂಬರ್ 2025

ಮಮತಾ,

ಆರ್ಡರ್ ಬಂತು. ಮರುಳಪ್ಪನ ಮೂಗಿನ ಮುಂದೆ ಹಿಡಿದೆ. ಕನ್ನಡಕ ಇಲ್ಲ, ಓದಲು ಬರುವುದಿಲ್ಲ ಎಂದ. ಓದಿದೆ. ಅರ್ಥವಾಗಲಿಲ್ಲ ಎಂದ. ಅರ್ಥ ಹೇಳಿದೆ. "ಅಲ್ರಿ ಅತ್ತಿಗೆಮ್ಮ, ನಾ ಮೊದಲಿಂದ ಹೇಳ್ತಿದ್ದಿಲ್ಲೇನು, ಆ ಹುಡುಗಿ ಶಾಣ್ಯಾ ಅದಾಳ ಅಂತ" ಎಂದ.

ಸ್ಟಬರ್ನ್ ಎಂಬುದು ಸರಿಯಾದ ಪದ. ನನಗೆ ಹೊಂದುತ್ತದೆ. ಈ ಮನೆಗೆ ಬಂದಾಗಿನಿಂದ ಅತ್ತೆ, ಗಂಡ, ಮೈದುನ, ಮಗ ಎಲ್ಲರಿಗೂ ಅದು ಗೊತ್ತಿತ್ತು. ಮುಖಕ್ಕೆ ಹೇಳಿದವಳು ನೀನೊಬ್ಬಳೇ. ಹೇಳುವಾಗ ನಿನ್ನ ದನಿ ನಡುಗಲಿಲ್ಲ, ಅದನ್ನು ನಾನು ಗಮನಿಸಿದೆ. ಕ್ಷಮಿಸಿ ಎಂದು ಬರೆದಿದ್ದರೆ ಆ ಕಾಗದವನ್ನು ಹಾಗೇ ವಾಪಸ್ ಕಳಿಸುತ್ತಿದ್ದೆ.

ರಜೆಗೆ ಬಾ. ಬಂದಾಗ ನನಗೂ ನಿನಗೂ ಜಗಳ ಆಗೇ ಆಗುತ್ತದೆ, ನಾನೇನೂ ಬದಲಾಗಿಲ್ಲ. ಕಟ್ಟೆಯ ಮೇಲೆ ಕೂತು ಇಂಗ್ಲಿಷಿನಲ್ಲೇ ಜಗಳವಾಡೋಣ. ಬೀದಿಯವರು ನಿಂತು ಕೇಳಲಿ, ಅತ್ತೆ ಸೊಸೆ ಏನೋ ದೊಡ್ಡ ವಿಷಯ ಮಾತಾಡುತ್ತಿದ್ದಾರೆ ಎಂದುಕೊಳ್ಳಲಿ.

ಉಜ್ಜಿನಮ್ಮ